ಬಿಎಂಎಕ್ಸ್ ಗೇಮ್: ಮೂರರಲ್ಲಿ ಯಾವುದು?

ಫ್ರೀಸ್ಟೈಲ್ ಬಿಎಂಎಕ್ಸ್ (ಪುಟ್ಟ ಸೈಕಲ್ಲಿನಲ್ಲಿ ಕಸರತ್ತು ಮಾಡುವ ಆಟ) ಗೇಮ್ ಆಡಬೇಕು, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನಾನು ಮೂರನ್ನು ಹೇಳುತ್ತೇನೆ: ಟಚ್‌ಗ್ರೈಂಡ್ ಬಿಎಂಎಕ್ಸ್ 2, ಬಿಎಂಎಕ್ಸ್ ಸ್ಟ್ರೀಟ್ಸ್, 2001ರ ಡೇವ್ ಮಿರಾ ಫ್ರೀಸ್ಟೈಲ್ ಬಿಎಂಎಕ್ಸ್ 2.

ಖರ್ಚಿನಲ್ಲಿ ಟಚ್‌ಗ್ರೈಂಡ್ ಹಗುರ. ಫೋನ್ ಇದ್ದರೆ ಸಾಕು, ಡೌನ್‌ಲೋಡ್ ಉಚಿತ. ಸ್ಟ್ರೀಟ್ಸ್‌ಗೆ ದುಡ್ಡು ಕೊಡಬೇಕು, ಜೊತೆಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಪಿಸಿ ಮತ್ತು ಕಂಟ್ರೋಲರ್ ಬೇಕು. ಡೇವ್ ಮಿರಾಗೆ ಪ್ಲೇಸ್ಟೇಷನ್ 2ರಂಥ ಹಳೆಯ ಗೇಮ್ ಕನ್ಸೋಲ್, ಸೆಕೆಂಡ್ ಹ್ಯಾಂಡ್ ಡಿಸ್ಕ್ ಹುಡುಕಬೇಕು. ಗೀರು ಬಿದ್ದ ಡಿಸ್ಕ್ ಮಾತ್ರ ಬೇಡ.

ನಿಜವಾದ ವ್ಯತ್ಯಾಸ ಇರುವುದು ಕೈಯಲ್ಲಿ. ಟಚ್‌ಗ್ರೈಂಡ್‌ನಲ್ಲಿ ಸವಾರನೇ ಇಲ್ಲ! ಒಂದು ಬೆರಳು ಹ್ಯಾಂಡಲ್ ಮೇಲೆ, ಇನ್ನೊಂದು ಸೀಟಿನ ಮೇಲೆ. ಬೆರಳು ತಿರುಗಿಸಿದರೆ ಬಾರ್‌ಸ್ಪಿನ್ (ಹ್ಯಾಂಡಲ್ ಸುತ್ತುವುದು), ಟೇಲ್‌ವಿಪ್ (ಹ್ಯಾಂಡಲ್ ಸುತ್ತ ಸೈಕಲ್ಲಿನ ಹಿಂಭಾಗ ತಿರುಗುವುದು). ಡೇವ್ ಮಿರಾದಲ್ಲಿ ಬಟನ್ ಒತ್ತಿದರೆ ಟ್ರಿಕ್ ಆಗುತ್ತದೆ. ಒಂದಕ್ಕೊಂದು ಪೋಣಿಸಿ ಅಂಕ ಏರಿಸುವುದೇ ಮಜಾ. ಸ್ಟ್ರೀಟ್ಸ್ ಹಾಗಲ್ಲ. ಅದು 2024ರಲ್ಲಿ ಪೂರ್ತಿಯಾಗಿ ಬಂದದ್ದು, ನಡೆಯುವುದೆಲ್ಲ ಫಿಸಿಕ್ಸ್ ಮೇಲೆ, ಅಂದರೆ ತೂಕ, ವೇಗದ ಲೆಕ್ಕದ ಮೇಲೆ. ಬನ್ನಿಹಾಪ್‌ಗೂ (ಸೈಕಲ್ ಸಮೇತ ನೆಲದಿಂದ ಜಿಗಿಯುವುದು) ಕಂಟ್ರೋಲರ್‌ನ ಸ್ಟಿಕ್ ಎಳೆಯುವ ಲಯ ಕಲಿಯಬೇಕು. ಶುರುವಿನಲ್ಲಿ ಸುಮ್ನೆ ಬೀಳುತ್ತಲೇ ಇರುತ್ತೀರಿ. ಆದರೆ ಒಂದು ರೇಲ್ (ಕಂಬಿ) ಮೇಲೆ ಸರಿಯಾಗಿ ಗ್ರೈಂಡ್ ಆದಾಗ, ಅಂದರೆ ಸೈಕಲ್ ಜಾರಿಕೊಂಡು ಹೋದಾಗ, ಸಿಗುವ ಖುಷಿ ಉಳಿದೆರಡರಲ್ಲಿ ನನಗೆ ಸಿಕ್ಕಿಲ್ಲ.

ಬಸ್ಸಿನಲ್ಲಿ ಐದು ನಿಮಿಷಕ್ಕಾದರೆ ಟಚ್‌ಗ್ರೈಂಡ್. ಅಣ್ಣ-ತಮ್ಮ ಪೈಪೋಟಿಗೆ ಕೂತರೆ ಡೇವ್ ಮಿರಾ. ತಾಳ್ಮೆ ಇದ್ದು, ನಿಜವಾದ ಸೈಕಲ್ಲಿನ ತೂಕ ಗೊತ್ತಾಗಬೇಕು ಅಂದರೆ ಸ್ಟ್ರೀಟ್ಸ್. ಪಿಸಿ ಹಳೆಯದಾದರೆ ಕೊಳ್ಳುವ ಮೊದಲು ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಪುಟದಲ್ಲಿ ಏನೇನು ಬೇಕು ಅಂತ ನೋಡಿಕೊಳ್ಳಿ.