ಡಿಸೆಬಿಲಿಟಿ ಪೆನ್ಷನ್ ಅಪೀಲು: ಪಾಲು ಕೇಳುವವರ ಕೈಗೆ ನಿಮ್ಮ ಕಾಗದ ಕೊಡಬೇಡಿ

ಮಾಜಿ ಸೈನಿಕರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜು ಸುತ್ತುತ್ತಲೇ ಇರುತ್ತದೆ. "ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್ ಆಗಿದೆಯೇ? ನಾವು ಮಾಡಿಸಿಕೊಡುತ್ತೇವೆ. ಗೆದ್ದ ಮೇಲೆ ಅರಿಯರ್ಸ್‌ನಲ್ಲಿ (ಹಿಂದಿನ ಬಾಕಿಯಲ್ಲಿ) ಪಾಲು ಕೊಟ್ಟರೆ ಸಾಕು." ಇಂಥವರಿಗೆ ಫೋನ್ ಮಾಡುವ ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ದಯವಿಟ್ಟು ಓದಿ. ಕೇಸು ಇನ್ನೂ ನಡೆಯುತ್ತಿರುವುದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ.

ನಮ್ಮ ಯಜಮಾನರು ಆರ್ಟಿಲರಿಯಲ್ಲಿದ್ದವರು, ಹವಾಲ್ದಾರ್ ಆಗಿ ರಿಟೈರ್ ಆದರು. ಗನ್ನಿನ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು ಎರಡೂ ಕಿವಿ ಮಂದವಾದವು. ಮನೆಗೆ ಬರುವ ಮೊದಲು ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ಸೇವೆ ಬಿಡುವಾಗಿನ ವೈದ್ಯರ ಪರೀಕ್ಷೆ, ಆಯಿತು. ಡಿಸೆಬಿಲಿಟಿ ಜೀವನಪರ್ಯಂತ 20% ಅಂತ ಬರೆದರು. ಅದರ ಕೆಳಗೇ, ಈ ತೊಂದರೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತಲೂ ಬರೆದರು. ಆ ಒಂದು ಸಾಲಿನಿಂದ ಕ್ಲೇಮು ತಿರಸ್ಕಾರವಾಯಿತು. ಫಿರಂಗಿ ಹೊಡೆಯುವವನ ಕಿವಿ ಫಿರಂಗಿಯಿಂದ ಹೋಗದೆ ಇನ್ನೇತರಿಂದ ಹೋಯಿತು ಅಂತ ಅವರು ಕೇಳಿದ್ದನ್ನು ನಾನು ಮರೆತಿಲ್ಲ.

ಇಂಥ ಕೇಸುಗಳ ಹಿಂದೆ ಏಜೆಂಟರು ಏಕೆ ಬೀಳುತ್ತಾರೆ ಅನ್ನುವುದಕ್ಕೆ ಲೆಕ್ಕ ಇದೆ. ಡಿಸೆಬಿಲಿಟಿ ಎಲಿಮೆಂಟ್ (ಪೆನ್ಷನ್‌ನಲ್ಲಿ ಅಂಗವೈಕಲ್ಯಕ್ಕೆಂದು ಕೊಡುವ ಭಾಗ) ಸಿಗಬೇಕಾದರೆ ಕನಿಷ್ಠ 20% ಇರಬೇಕು. 100% ಡಿಸೆಬಿಲಿಟಿಗೆ ಕೊನೆಯ ಸಂಬಳದ 30%, ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ. ಹಾಗಾದರೆ 20ಕ್ಕೆ ಸಂಬಳದ 6% ಮಾತ್ರ. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಅಂತ ಪರಿಗಣಿಸುವ ರೌಂಡಿಂಗ್ ಆಫ್ ಇದೆ. ಸೇವೆ ಮುಗಿಸಿ ಬಂದವರಿಗೂ ಅದು ಸಿಗಬೇಕು ಅಂತ ರಾಮ್ ಅವತಾರ್ ಕೇಸಿನಲ್ಲಿ 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ 6% ಹೋಗಿ 15% ಆಗುತ್ತದೆ, ಅದೂ ಬದುಕಿರುವಷ್ಟು ಕಾಲ. ಬಾಕಿಯೂ ಸೇರಿದರೆ ದೊಡ್ಡ ಮೊತ್ತ. ಏಜೆಂಟರ ಕಣ್ಣು ಇರುವುದು ಈ ಮೊತ್ತದ ಮೇಲೆ. (ಈ ಲೆಕ್ಕ ನಮ್ಮಂತೆ ಹಳೆಯ ನಿಯಮದಲ್ಲಿ ಬಂದವರದು. 2023ರ ಸೆಪ್ಟೆಂಬರ್ 21ರಿಂದ ಯಾರಿಗೆ ಸಿಗಬೇಕು ಅಂತ ಹೇಳುವ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಿವೆ. ಆಮೇಲೆ ರಿಟೈರ್ ಆದವರು ಅವನ್ನು ಬೇರೆಯಾಗಿಯೇ ಓದಿಕೊಳ್ಳಬೇಕು.)

ಯಜಮಾನರ ಹಳೆಯ ಯೂನಿಟ್ಟಿನವರೊಬ್ಬರ ಪರಿಚಯದ ಮೇಲೆ ಒಬ್ಬ 'ಕನ್ಸಲ್ಟೆಂಟ್' ನಮ್ಮ ಮನೆಗೆ ಬಂದ. ಮಾತು ಬಹಳ ನಯ, ಮಾತಿಗೊಮ್ಮೆ "ಸಾಬ್" ಅನ್ನುತ್ತಿದ್ದ. ಛಾಪಾ ಕಾಗದದ ಮೇಲೆ, ಬರುವ ಬಾಕಿಯಲ್ಲಿ ಮೂರನೇ ಒಂದು ಪಾಲು ತನಗೆ ಅಂತ ಬರೆಸಿಕೊಂಡ. ಡಿಸ್ಚಾರ್ಜ್ ಬುಕ್ಕು, ಮೆಡಿಕಲ್ ಬೋರ್ಡಿನ ಕಾಗದ, ಪಿಪಿಓ (ಪೆನ್ಷನ್ ಮಂಜೂರಾತಿ ಆದೇಶ) ಎಲ್ಲವನ್ನೂ ಒರಿಜಿನಲ್ಲೇ ಬೇಕು ಅಂದ. ಖಾಲಿ ವಕಾಲತ್ತಿಗೆ ಸಹಿ, ಖಾಲಿ ಚೆಕ್ಕಿಗೆ ಸಹಿ, ಸೈನಿಕರ ಪೆನ್ಷನ್ ನೋಡಿಕೊಳ್ಳುವ ಸ್ಪರ್ಶ್ ಪೋರ್ಟಲ್ಲಿನ ಪಾಸ್‌ವರ್ಡು, ಎಲ್ಲವನ್ನೂ ತೆಗೆದುಕೊಂಡ. ಕೊನೆಗೆ ಸ್ಪರ್ಶ್‌ನಲ್ಲಿ ಮೊಬೈಲ್ ನಂಬರನ್ನೂ ತನ್ನದಕ್ಕೆ ಬದಲಾಯಿಸಿಕೊಂಡ. ಇದು ನಮಗೆ ಗೊತ್ತಾದದ್ದು ಲೈಫ್ ಸರ್ಟಿಫಿಕೇಟ್ ಕೊಡಲು ಹೋದಾಗ ಓಟಿಪಿ ಬಾರದೇ ಇದ್ದದ್ದರಿಂದ.

ಅವನು ಹಾಕಿದ ಮೊದಲ ಅಪೀಲಿನ ಪ್ರತಿ ನಮ್ಮ ಕೈಗೆ ಬಂದದ್ದು ಬಹಳ ತಡವಾಗಿ, ಬೇರೆಯವರ ಮೂಲಕ. ಓದಿ ನನಗೆ ಕೈಕಾಲು ಆಡಲಿಲ್ಲ. ಮೇಲೆ ಯಜಮಾನರ ಹೆಸರು, ನಂಬರು ಸರಿಯಾಗಿದೆ. ಕೆಳಗೆ ಒಂದು ಪ್ಯಾರಾದಲ್ಲಿ, ಸಿಯಾಚಿನ್‌ನಲ್ಲಿ ಡ್ಯೂಟಿ ಮಾಡಿ ಬಿಪಿ ಬಂತು ಅಂತ ಇದೆ. ಇವರು ಸಿಯಾಚಿನ್‌ಗೆ ಹೋದವರೇ ಅಲ್ಲ, ಬಿಪಿಯೂ ಇಲ್ಲ. ಇನ್ಯಾರದೋ ಅಪೀಲಿನಲ್ಲಿ ಹೆಸರು ಬದಲಾಯಿಸಿ ಕಳಿಸಿದ್ದಾನೆ. ಕಿವಿಯ ವಿಚಾರ ಇದ್ದದ್ದು ಒಂದೇ ಸಾಲು. ಬರೆಯಬೇಕಾದದ್ದನ್ನು ಬರೆದೇ ಇರಲಿಲ್ಲ: ಸೇರುವಾಗ ಮಾಡಿದ ಮೆಡಿಕಲ್‌ನಲ್ಲಿ ಕಾಯಿಲೆ ದಾಖಲಾಗಿಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಬಂತು ಅಂತ ಕಾನೂನು ಮೊದಲೇ ಹಿಡಿಯುತ್ತದೆ, ಅಲ್ಲ ಅಂತ ತೋರಿಸುವ ಹೊಣೆ ಸೈನ್ಯದ್ದು. 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಡಿಸೆಬಿಲಿಟಿ ಕೇಸು ನಡೆಸುವ ವಕೀಲರ ಬಾಯಲ್ಲಿ ಈ ಹೆಸರು ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅಪೀಲು ಬಿದ್ದುಹೋಯಿತು, ಆಶ್ಚರ್ಯವೇನಿಲ್ಲ. ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್‌ಗೆ (ಸೈನಿಕರ ಕೇಸು ಕೇಳುವ ನ್ಯಾಯಮಂಡಳಿಗೆ) ಅರ್ಜಿ ಹಾಕುತ್ತೇನೆ ಅಂತ ತಿಂಗಳುಗಟ್ಟಲೆ ಫೈಲು ಇಟ್ಟುಕೊಂಡು ಕೂತ. "ಅರ್ಜೆಂಟೇನಿಲ್ಲ ಅಕ್ಕಾ, ಪೆನ್ಷನ್ ಕೇಸಿಗೆ ಟೈಮ್ ಲಿಮಿಟ್ ಇಲ್ಲ" ಅನ್ನುತ್ತಿದ್ದ. ಈ ಮಾತು ಅರ್ಧ ನಿಜ, ಅದಕ್ಕೇ ಅಪಾಯ. ತಿಂಗಳು ತಿಂಗಳು ಬರಬೇಕಾದ ಹಣ ಬಾರದಿರುವುದು ಮುಂದುವರಿಯುವ ಅನ್ಯಾಯ ಅಂತ ತಡವನ್ನು ಮನ್ನಿಸಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನಂತೆ, ತಡವಾಗಿ ಬಂದವರಿಗೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ. ಮೂರು ವರ್ಷ ದಾಟಿದ ಮೇಲೆ ಕಳೆಯುವ ಒಂದೊಂದು ತಿಂಗಳಿಗೂ ಒಂದು ತಿಂಗಳ ಹಣ ಕೈಬಿಟ್ಟು ಹೋಗುತ್ತದೆ. ಮೊದಲ ಅಪೀಲಿಗೆ ತಿರಸ್ಕಾರದ ಪತ್ರ ಬಂದ ಮೇಲೆ ಆರು ತಿಂಗಳ ಗಡುವೂ ಇದೆ. ಪತ್ರ ಬಂದ ಲಕೋಟೆಯನ್ನು ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಬೇಕಾಗುತ್ತದೆ.

ಕೊನೆಗೂ ಅರ್ಜಿ ಹಾಕಿದ. ಇನ್ನು ವಿಡಿಯೋ ಹಿಯರಿಂಗ್ ವಿಚಾರ. ಕರ್ನಾಟಕದವರ ಕೇಸುಗಳು ಟ್ರಿಬ್ಯುನಲ್‌ನ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ. ವಯಸ್ಸಾದವರಿಗೆ, ನಡೆಯಲಾಗದವರಿಗೆ, ಅಷ್ಟು ದೂರ ಹೋಗದೆ ಮನೆಯಿಂದಲೇ ನೋಡುವ ಅನುಕೂಲ ನಿಜಕ್ಕೂ ದೊಡ್ಡದು. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಲಿಂಕನ್ನು ತನ್ನ ಕೈಯಲ್ಲಿಟ್ಟುಕೊಂಡ ಮನುಷ್ಯನ ಮೇಲೆ. ತಾರೀಖು ಕೇಳಿದಾಗಲೆಲ್ಲ "ನೀವು ಬರಬೇಕಾಗಿಲ್ಲ, ಲಾಯರ್ ನೋಡ್ಕೋತಾರೆ" ಅನ್ನುವುದೇ ಉತ್ತರ. ಕೊನೆಗೆ ನಮ್ಮ ಮಗಳು ಟ್ರಿಬ್ಯುನಲ್ಲಿನ ವೆಬ್‌ಸೈಟಿನಲ್ಲಿ ಕಾಸ್ ಲಿಸ್ಟ್ (ಆಯಾ ದಿನ ಕೇಳುವ ಕೇಸುಗಳ ಪಟ್ಟಿ) ಹುಡುಕಿದಳು. ಅಪ್ಪನ ಹೆಸರು ಮರುದಿನದ ಪಟ್ಟಿಯಲ್ಲಿತ್ತು.

ಬೆಳಿಗ್ಗೆ ಫೋನನ್ನು ಡಬ್ಬಿಗೆ ಒರಗಿಸಿ ಕೂತೆವು. ಯಜಮಾನರು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡಿದ್ದರು. ಫ್ಯಾನು ನಿಲ್ಲಿಸಿದೆ, ಅದರ ಸದ್ದಿದ್ದರೆ ಅವರಿಗೆ ಏನೂ ಕೇಳುವುದಿಲ್ಲ. ಆದರೂ ಕೇಳಲಿಲ್ಲ. ಫೋನಿನ ದನಿ ಒಡೆದು ಬರುತ್ತದೆ, ಮಾತೆಲ್ಲ ಇಂಗ್ಲಿಷು, ತುಟಿ ನೋಡಿ ತಿಳಿಯೋಣ ಅಂದರೆ ಮುಖಗಳು ಉಗುರಿನಷ್ಟು. ನಾನು ಮಗಳ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದೆ. ನಮ್ಮ ಐಟಂ ನಂಬರ್ ಕೂಗಿದರು. ಸರ್ಕಾರದ ಪರ ವಕೀಲರು ಇದ್ದರು. ನಮ್ಮ ಪರ ಯಾರು ಅಂತ ಕೇಳಿದರು. ಯಾರೂ ಇಲ್ಲ. ಇನ್ನೊಮ್ಮೆ ಕೇಳಿದರು. ಮಗಳು ಮೈಕ್ ಆನ್ ಮಾಡಲು ಒದ್ದಾಡುತ್ತಿದ್ದಳು. ನಮ್ಮದು ಮ್ಯೂಟ್‌ನಲ್ಲಿತ್ತು, ಹೆಸರಿನ ಜಾಗದಲ್ಲಿ ಅವಳ ಫೋನಿನ ಮಾಡೆಲ್ ಕಾಣುತ್ತಿತ್ತು, ಇದು ಅರ್ಜಿದಾರರೇ ಅಂತ ಯಾರಿಗೆ ಗೊತ್ತಾಗಬೇಕು? "ಏನಂದ್ರು?" ಅಂತ ಇವರು ನನ್ನ ಕಡೆ ತಿರುಗಿದಾಗ ನಾನು ಬರೆದದ್ದು, "ನಮ್ಮ ಲಾಯರ್ ಬಂದಿಲ್ಲ." ಅಷ್ಟರಲ್ಲಿ ಮುಂದಿನ ನಂಬರ್ ಕೂಗಿಯಾಗಿತ್ತು.

ಆಮೇಲೆ ಆರ್ಡರ್ ನೋಡಿದರೆ, ಹಿಂದಿನ ತಾರೀಖುಗಳಲ್ಲೂ ನಮ್ಮ ಪರ ಯಾರೂ ಹಾಜರಾಗಿರಲಿಲ್ಲ. ಗೈರುಹಾಜರಿಯ ಮೇಲೆ ಕೇಸು ವಜಾ. ಫೋನ್ ಮಾಡಿದರೆ ಕನ್ಸಲ್ಟೆಂಟ್ "ನೆಟ್‌ವರ್ಕ್ ಇರಲಿಲ್ಲ" ಅಂದ. ಕಾಗದ ವಾಪಸ್ ಕೇಳಿದ್ದಕ್ಕೆ ಛಾಪಾ ಕಾಗದದ ಕರಾರು ತೋರಿಸಿ ಹೆದರಿಸಿದ, ಖಾಲಿ ಚೆಕ್ಕಿನ ನೆನಪು ಮಾಡಿದ.

ಹೆದರಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆದರಿಕೆಯಿಂದಲೇ ಎಷ್ಟೋ ಮನೆಗಳು ಸುಮ್ಮನಾಗಿವೆ. 1871ರ ಪೆನ್ಷನ್ಸ್ ಆಕ್ಟ್, ಸೆಕ್ಷನ್ 12ರಂತೆ, ಮುಂದೆ ಬರಬೇಕಾದ ಪಿಂಚಣಿಯನ್ನು ಬರೆದುಕೊಡುವ ಕರಾರಿಗೆ ಬೆಲೆಯೇ ಇಲ್ಲ, ಅದು ಶೂನ್ಯ. ಇನ್ನು ಗೆದ್ದರೆ ಇಷ್ಟು ಪಾಲು ಅನ್ನುವ ಫೀಜನ್ನು ವಕೀಲರು ಗೊತ್ತುಮಾಡಿಕೊಳ್ಳುವಂತೆಯೇ ಇಲ್ಲ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಅದನ್ನು ನಿಷೇಧಿಸುತ್ತದೆ. ಹೀಗಾಗಿ ಪಾಲು ಕೇಳುವವನು ವಕೀಲನಾಗಿದ್ದರೆ ನಿಯಮ ಮುರಿಯುತ್ತಿದ್ದಾನೆ, ಅಲ್ಲದಿದ್ದರೆ ನಿಮ್ಮ ಪರವಾಗಿ ವಾದಿಸುವ ಹಕ್ಕೇ ಅವನಿಗಿಲ್ಲ. ಚೆಕ್ಕುಗಳಿಗೆ ನಾವು ಬ್ಯಾಂಕಿನಲ್ಲಿ ಸ್ಟಾಪ್ ಪೇಮೆಂಟ್ ಬರೆದುಕೊಟ್ಟೆವು, ಪೊಲೀಸರಿಗೂ ದೂರು ಕೊಟ್ಟೆವು.

ಹೊಸ ವಕೀಲರು ಸಿಕ್ಕರು, ಕೇಸನ್ನು ಮತ್ತೆ ತೆರೆಯಲು ಅರ್ಜಿ ಹಾಕಿದರು, ಟ್ರಿಬ್ಯುನಲ್ ಒಪ್ಪಿತು. ಕಳೆದುಹೋದ ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್‌ಗೆ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ ಪ್ರತಿ ತರಿಸಿಕೊಂಡೆವು. ಅದರ ಜೊತೆಗೆ ಸೇರುವಾಗಿನ ಮೆಡಿಕಲ್ ಕೂಡ ಬಂತು. ಅದರಲ್ಲಿ ಎರಡೂ ಕಿವಿ ಸರಿ ಇವೆ ಅಂತ ಸ್ಪಷ್ಟವಾಗಿ ಬರೆದಿದೆ. ಈ ಒಂದು ಹಾಳೆಯನ್ನು ಮೊದಲ ಅಪೀಲಿಗೇ ಲಗತ್ತಿಸಿದ್ದರೆ ಇಷ್ಟು ಅಲೆಯಬೇಕಾಗಿರಲಿಲ್ಲ ಅನ್ನುವುದು ನನ್ನ ಸಂಕಟ.

ಈಗ ಹಿಯರಿಂಗ್ ಇದ್ದ ದಿನ ನಾವೂ ತಪ್ಪದೆ ಕೂರುತ್ತೇವೆ. ಹಿಂದಿನ ಸಂಜೆಯೇ ಕಾಸ್ ಲಿಸ್ಟ್ ನೋಡುತ್ತೇವೆ, ಲಿಂಕು ನಮ್ಮ ಬಳಿ ಇರುತ್ತದೆ, ಹೆಸರಿನ ಜಾಗದಲ್ಲಿ ಐಟಂ ನಂಬರ್ ಮತ್ತು ಅರ್ಜಿದಾರರು ಅಂತ ಹಾಕುತ್ತೇವೆ. ಯಜಮಾನರಿಗೆ ಹೆಡ್‌ಫೋನ್ ಹಾಕಿದ ಮೇಲೆ ಸ್ವಲ್ಪ ವಾಸಿ. ಅವರಿಗೆ ಕೇಳುವುದಿಲ್ಲ ಅಂತ ವಕೀಲರಿಗೆ ಮೊದಲೇ ಬರೆದು ತಿಳಿಸಿದ್ದೇವೆ, ಏನಾದರೂ ಕೇಳಿದರೆ ಅವರೇ ಪೀಠಕ್ಕೆ ಹೇಳುತ್ತಾರೆ. ರೆಕಾರ್ಡ್ ಮಾತ್ರ ಮಾಡಬೇಡಿ, ಅದಕ್ಕೆ ಅನುಮತಿ ಇಲ್ಲ.

ದುಡ್ಡಿಲ್ಲ ಅನ್ನುವವರು ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. 2025ರ ಜುಲೈನಲ್ಲಿ ಶುರುವಾದ ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ) ವೀರ್ ಪರಿವಾರ್ ಸಹಾಯತಾ ಯೋಜನೆಯಲ್ಲಿ ಸೈನಿಕ ಬೋರ್ಡುಗಳಲ್ಲೇ ಕಾನೂನು ನೆರವು ಕೊಡುವ ವ್ಯವಸ್ಥೆ ಇದೆ. ಗಂಡ ತೀರಿಕೊಂಡು ಕೇಸು ನಡೆಸುತ್ತಿರುವ ಅಕ್ಕತಂಗಿಯರು ಗಮನಿಸಿ: ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ.

ಈಗಾಗಲೇ ಇಂಥವರ ಕೈಗೆ ಕಾಗದ ಕೊಟ್ಟಿದ್ದರೆ ಇವತ್ತೇ ಸ್ಪರ್ಶ್ ತೆರೆದು ಮೊಬೈಲ್ ನಂಬರು, ಬ್ಯಾಂಕ್ ಖಾತೆ ಯಾರದು ಇದೆ ನೋಡಿ, ಪಾಸ್‌ವರ್ಡ್ ಬದಲಾಯಿಸಿ. ಟ್ರಿಬ್ಯುನಲ್ ವೆಬ್‌ಸೈಟಿನಲ್ಲಿ ನಿಮ್ಮ ಕೇಸ್ ನಂಬರ್ ಹಾಕಿ ಹಿಂದಿನ ಆರ್ಡರುಗಳನ್ನು ಓದಿ. ಅರ್ಜಿದಾರರ ಪರ ಯಾರೂ ಇಲ್ಲ ಅನ್ನುವ ಸಾಲು ಒಂದೇ ಒಂದು ಕಡೆ ಕಂಡರೂ ಮುಂದಿನ ತಾರೀಖಿನವರೆಗೆ ಕಾಯದೆ ವಕೀಲರನ್ನು ಬದಲಾಯಿಸಿ.