ಕಲಬುರಗಿ ಬೇಸಿಗೆ ದಾಟಿದ ಮೇಲೆ ಮೆಮೊರಿ ಫೋಮ್ ಗಾದಿ ಬಗ್ಗೆ ನನ್ನ ಮಾತು

ದೀಪಾವಳಿ ಆಫರ್‌ನಲ್ಲಿ ಆನ್‌ಲೈನ್ ತರಿಸಿದ ಗಾದಿ ಇದು. ಎಷ್ಟು ಇಂಚು, ಎಷ್ಟು ಪದರ, ಎಷ್ಟು ವರ್ಷ ವಾರಂಟಿ ಅನ್ನೋದನ್ನೆಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಡುತ್ತೇನೆ. 14,000 ರೂಪಾಯಿ ಕೊಟ್ಟೆ. ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಸಣ್ಣ ಬಟ್ಟೆ ಅಂಗಡಿ ಇಟ್ಟುಕೊಂಡವನಿಗೆ ಅದು ದೊಡ್ಡ ಮೊತ್ತವೇ.

ಚಳಿಗಾಲ ಪೂರ್ತಿ ಬಹಳ ಖುಷಿ ಕೊಟ್ಟಿತು. ದಿನವಿಡೀ ನಿಂತು ಹಿಡಿದುಕೊಂಡ ಸೊಂಟ ಬೆಳಗ್ಗೆ ಹಗುರಾಗಿರುತ್ತಿತ್ತು. ಪಕ್ಕದಲ್ಲಿ ಹೆಂಡತಿ ಹೊರಳಿದರೂ ನನಗೆ ಗೊತ್ತಾಗುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಮಲಗಿದ ಕೂಡಲೇ ಸ್ವಲ್ಪ ಗಟ್ಟಿ ಅನ್ನಿಸುತ್ತಿತ್ತು, ಮೈ ಬಿಸಿ ತಾಗಿದ ಮೇಲೆ ಮೆತ್ತಗಾಗುತ್ತಿತ್ತು. ಈ ಫೋಮಿನ ಗುಣವೇ ಅದು. 1966ರಲ್ಲಿ ನಾಸಾದವರಿಗಾಗಿ, ವಿಮಾನದ ಸೀಟಿಗೆ ಅಂತ ತಯಾರಾದ ವಸ್ತು. ಶಾಖ ಸಿಕ್ಕಷ್ಟೂ ಮೈಗೆ ಒಗ್ಗಿಕೊಳ್ಳುತ್ತದೆ.

ಆ ಶಾಖವನ್ನು ಬಿಟ್ಟುಕೊಡೋದಿಲ್ಲ ಅನ್ನೋದೇ ತೊಂದರೆ. ಶರಣಬಸವೇಶ್ವರರ ಜಾತ್ರೆ ಹೊತ್ತಿಗೆ ಸೆಖೆ ಶುರುವಾಯಿತು. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ಮುಟ್ಟಿತು. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಒಳಗೆ ಬಿಸಿ ಬಿಡುತ್ತದೆ. ಕೂಲರ್ ಗಾಳಿ ಎದೆಗೆ ತಾಗುತ್ತದೆ, ಬೆನ್ನಿಗೆ ಎಲ್ಲಿಂದ ತಾಗಬೇಕು? ನಡುರಾತ್ರಿ ದಾಟಿದ ಮೇಲೆ ಎಚ್ಚರ. ಬನಿಯನ್ ಬೆನ್ನಿಗೆ ಅಂಟಿರುತ್ತದೆ. ಮಲಗಿದ ಜಾಗ ಕೈಯಿಟ್ಟರೆ ಬಿಸಿ. ಪಕ್ಕಕ್ಕೆ ಸರಿದರೆ ಸ್ವಲ್ಪ ಹೊತ್ತು ತಂಪು, ಆಮೇಲೆ ಅಲ್ಲೂ ಅದೇ. ಒಂದು ಮಧ್ಯಾಹ್ನ ಅವ್ವ ಅದರ ಮೇಲೆ ಮಲಗಿ ಎದ್ದು ಅಂದಳು: "ಹ್ಯಾಂಗ ಮಲಗ್ತೀಯೋ ತಮ್ಮಾ, ಒಲಿ ಮ್ಯಾಲ ಮಲಗಿದಂಗ ಆಗ್ತದ."

ಇದು ಬರೀ ಸೆಖೆಯ ದೂರಲ್ಲ, ನಿದ್ದೆಯ ದೂರು. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಸುಮಾರು ಒಂದು ಡಿಗ್ರಿ ಇಳಿಯಬೇಕು. ರಾತ್ರಿಯಾದಂತೆ ಕೈಕಾಲಿನ ರಕ್ತನಾಳಗಳು ಹಿಗ್ಗಿ ಆ ಬಿಸಿಯನ್ನು ಚರ್ಮದ ಮೂಲಕ ಹೊರಗೆ ಹಾಕುತ್ತವೆ. ಸುಮಾರು 90 ನಿಮಿಷಕ್ಕೊಮ್ಮೆ ಕನಸಿನ ನಿದ್ದೆ ಬರುತ್ತದಲ್ವಾ, ಆಗ ಮೈ ತನ್ನ ಬಿಸಿಯನ್ನು ತಾನೇ ಸರಿಮಾಡಿಕೊಳ್ಳೋದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಕನಸಿನ ನಿದ್ದೆ ಜಾಸ್ತಿ ಬರೋದು ರಾತ್ರಿಯ ಎರಡನೇ ಅರ್ಧದಲ್ಲಿ. ಗಾದಿ ಬಿಸಿಯನ್ನೆಲ್ಲ ಕೂಡಿಹಾಕಿ ಕಾದಿರೋದೂ ಆಗಲೇ. ತಂಪಿಗೆ ಅಂತ ಗಾದಿಯ ಮೇಲ್ಭಾಗಕ್ಕೆ ಹಾಕಿರೋ ಜೆಲ್ ಪದರ ಮಲಗಿದಾಗ ತಣ್ಣಗಿರೋದು ನಿಜ. ಆದರೆ ಅದೂ ಬಿಸಿ ಹೀರಿಕೊಳ್ಳುತ್ತದೆ ಅಷ್ಟೇ. ಒಮ್ಮೆ ಕಾಯ್ತು ಅಂದರೆ ಮುಗೀತು.

ಕಂಪನಿಗೆ ಫೋನ್ ಮಾಡಿದರೆ ಏಸಿ 24ಕ್ಕೆ ಇಡಿ ಅಂದರು. ನಮ್ಮ ಮನೆಯಲ್ಲಿ ಏಸಿ ಇಲ್ಲ. ಹಾಗಾದರೆ ವಾಪಸ್ ತಗೊಳ್ಳಿ ಅಂದೆ. 100 ರಾತ್ರಿ ಟ್ರಯಲ್ ಮುಗಿದಿದೆ ಸರ್ ಅಂದರು. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ದೀಪಾವಳಿಗೆ ಕೊಂಡ ಗಾದಿಯ 100 ರಾತ್ರಿ ಶಿವರಾತ್ರಿಗೂ ಮುಂಚೆ ಮುಗಿಯುತ್ತದೆ. ನಮ್ಮ ಕಡೆ ಗಾದಿಯ ಪರೀಕ್ಷೆ ಶುರುವಾಗೋದೇ ಶಿವರಾತ್ರಿ ಆದಮೇಲೆ.

ಬೇಸಿಗೆಯ ಉಳಿದ ರಾತ್ರಿಗಳನ್ನು ಹಳೆ ಅರಳೆ ಗಾದಿ ಉಳಿಸಿತು. ಮಾಳಿಗೆ ಮೇಲೆ ಇಟ್ಟಿದ್ದನ್ನು ಕೆಳಗಿಳಿಸಿ, ಅರಳೆ ಹಿಂಜಿಸಿ, ಹೊಸ ಖೋಳು ಹಾಕಿಸಿದೆ. ಖರ್ಚು ಫೋಮ್ ಗಾದಿಯ ಹತ್ತಿರಕ್ಕೂ ಬರಲಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಮಾಳಿಗೆಗೆ ನೀರು ಹೊಡೆಯುತ್ತೇನೆ. ಮೊದಲ ಬಕೆಟ್ ನೀರು ಬಿದ್ದಲ್ಲೇ ಆರಿಹೋಗುತ್ತದೆ, ಎರಡನೆಯದಕ್ಕೆ ಕಾಂಕ್ರೀಟಿನ ಬಣ್ಣ ಕಪ್ಪಾಗುತ್ತದೆ, ಮೂರನೆಯದು ನಿಲ್ಲುತ್ತದೆ. ಆಮೇಲೆ ಸ್ನಾನ. ಟ್ಯಾಂಕಿನ ನೀರು ರಾತ್ರಿ ಒಂಬತ್ತಕ್ಕೂ ಬಿಸಿ ಇರುತ್ತದೆ, ಗೀಸರ್ ಬೇಕಿಲ್ಲ. ಮಲಗೋಕೆ ಒಂದೆರಡು ತಾಸು ಮುಂಚೆ ಬಿಸಿನೀರು ಹಾಕಿಕೊಂಡರೆ ಚರ್ಮಕ್ಕೆ ರಕ್ತ ಹರಿದು ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ, ನಿದ್ದೆಯೂ ಬೇಗ ಹತ್ತುತ್ತದೆ. ಹೆಂಡತಿ ಅಷ್ಟರಲ್ಲಿ ಶಹಾಬಾದ್ ಕಲ್ಲಿನ ಫರಸಿ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿರುತ್ತಾಳೆ. ಅದು ಆರಿದ ಮೇಲೆ ಗಾದಿ ಹಾಸಿ, ಕಿಟಕಿ ತೆಗೆದಿಟ್ಟು, ಕೂಲರ್ ಹಚ್ಚುತ್ತೇವೆ. ಪಾದ ಮಾತ್ರ ಗಾದಿಯಿಂದಾಚೆ, ಕಲ್ಲಿನ ಮೇಲೆ ಇರಬೇಕು ನನಗೆ. ಆ ತಂಪು ಸಿಕ್ಕರೆ ಬೆಳಗಿನವರೆಗೆ ಎಚ್ಚರವಿಲ್ಲ.

ಫೋಮ್ ಗಾದಿಯನ್ನು ಮಾರಿಲ್ಲ. ಮಳೆಗಾಲ ಕಳೆದು ಚಳಿ ಬಂದ ಮೇಲೆ ಮತ್ತೆ ಮಂಚ ಏರಿದೆ, ಸೊಂಟಕ್ಕೆ ಈಗಲೂ ಅದೇ ಬೇಕು. ಚಳಿಗಾಲಕ್ಕೆ ನಾಲ್ಕು ಸ್ಟಾರ್, ಬೇಸಿಗೆಗೆ ಒಂದು. ಏಸಿ ಇರುವವರು ಧೈರ್ಯವಾಗಿ ತಗೊಳ್ಳಿ. ಇಲ್ಲದವರು, ತಗೊಳ್ಳಲೇಬೇಕು ಅಂದರೆ ಮಾರ್ಚ್‌ನಲ್ಲಿ ತಗೊಳ್ಳಿ. ಹಬ್ಬದ ಆಫರ್ ಸಿಗಲಿಕ್ಕಿಲ್ಲ, ಆದರೆ 100 ರಾತ್ರಿಯೊಳಗೆ ಏಪ್ರಿಲ್, ಮೇ ಎರಡೂ ಬರುತ್ತವೆ. ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಟ್ರಯಲ್ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.