ನೀರು ಬಿಡೋಕೆ ಟೈಮರ್ ಸಾಕಾ, ಮಣ್ಣನ್ನೇ ಕೇಳಬೇಕಾ?

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಮುಂದೆ ಒಂದಿಷ್ಟು ಹುಲ್ಲುಹಾಸು, ದಾಸವಾಳ, ಕ್ರೋಟನ್. ಹಿಂದೆ 40 ಅಡಿಕೆ ಸಸಿ. ಆಗುಂಬೆ ಪಕ್ಕದಲ್ಲೇ ಇದ್ದುಕೊಂಡು ನೀರಿಗೆ ಯಂತ್ರ ಯಾಕೆ ಅಂತ ನಗುವವರು ಮಾರ್ಚ್‌ನಲ್ಲಿ ಬಂದು ಬಾವಿ ಇಣುಕಬೇಕು. ಎರಡು ಬೇಸಗೆಯಲ್ಲಿ ಸಿಕ್ಕಿದ್ದೆಲ್ಲ ಹಾಕಿ ನೋಡಿದೆ.

ಮೊದಲು ಟೈಮರ್. ಬೆಳಗ್ಗೆ 6ಕ್ಕೆ, 20 ನಿಮಿಷ. ಅದಕ್ಕೆ ಗಂಟೆ ಗೊತ್ತು, ಮಳೆ ಗೊತ್ತಿಲ್ಲ. ಭರಣಿ ಮಳೆ ರಾತ್ರಿಯೆಲ್ಲ ಹೊಯ್ದಿತ್ತು, ಬೆಳಗ್ಗೆ ಎದ್ದು ನೋಡಿದರೆ ನಿಂತ ನೀರಿನ ಮೇಲೆ ಜೆಟ್ (ಸ್ಪ್ರಿಂಕ್ಲರ್) ತಿರುಗುತ್ತಿದೆ! "ಮಳೆಗೇ ಸಾಲ ಕೊಡ್ತಾ ಇದೀವಾ?" ಅಂದಳು ಹೆಂಡತಿ.

ಆಮೇಲೆ ಮಣ್ಣಿನ ತೇವ ಅಳೆಯುವ, ಎರಡು ಕಡ್ಡಿಯ ಅಗ್ಗದ ಸೆನ್ಸಾರ್. ಸುಮ್ನೆ ದುಡ್ಡು ಹೋಯಿತು. ಒದ್ದೆ ಮಣ್ಣಿನಲ್ಲಿ ಕರೆಂಟ್ ಹರಿದು ಕಡ್ಡಿಯೇ ಸವೆದುಹೋಗುತ್ತದೆ, ಸಾಲದ್ದಕ್ಕೆ ಪೊಟ್ಯಾಷ್ ಹಾಕಿದ ವಾರ ಉಪ್ಪಿನಂಶಕ್ಕೆ ಮೋಸ ಹೋಗಿ ನೆಲ ಒದ್ದೆ ಇದೆ ಅಂತಲೇ ತೋರಿಸಿತು. ಕೆಪಾಸಿಟಿವ್ ಸೆನ್ಸಾರ್ ವಾಸಿ, ಮಣ್ಣಿಗೆ ಕರೆಂಟ್ ಹರಿಸದೆ ವಿದ್ಯುತ್ ಕ್ಷೇತ್ರದಿಂದಲೇ ತೇವ ಅಳೆಯುತ್ತದೆ, ಲೋಹ ಮಣ್ಣಿಗೆ ತಾಗುವುದಿಲ್ಲ. ಆದರೆ ನಮ್ಮದು ಜಂಬಿಟ್ಟಿಗೆ ಮಣ್ಣು, ತುಂಬಾ ಹರಳು. ಪಕ್ಕದಲ್ಲಿ ಸಂದು ಉಳಿದರೆ ಗಾಳಿಯನ್ನೇ ಅಳೆದು ಒಣಗಿದೆ ಅನ್ನುತ್ತದೆ. ಜರಡಿ ಹಿಡಿದ ಮಣ್ಣನ್ನು ಕೆಸರು ಮಾಡಿ ಗುಂಡಿಗೆ ಹುಯ್ದು ನೆಟ್ಟ ಮೇಲೆ ದಾರಿಗೆ ಬಂತು.

ಅಡಿಕೆ ಬುಡಕ್ಕೆ ಟೆನ್ಸಿಯೋಮೀಟರ್ ಇಟ್ಟೆ. ನೀರು ತುಂಬಿದ ಕೊಳವೆ, ತುದಿಯಲ್ಲಿ ಪಿಂಗಾಣಿ ಮೂತಿ, ಮೇಲೆ ಮುಳ್ಳಿನ ಮೀಟರ್. ಮಣ್ಣಿಂದ ನೀರು ಎಳೆಯೋಕೆ ಬೇರು ಎಷ್ಟು ಒದ್ದಾಡಬೇಕು ಅನ್ನುವುದನ್ನೇ ಅಳೆಯುತ್ತದೆ, ಕರೆಂಟ್ ಬೇಡ. ಸೊನ್ನೆ ಅಂದರೆ ನೆಲ ಪೂರ್ತಿ ನೆನೆದಿದೆ. ಆ ಎಳೆತ 30 ಕಿಲೋಪ್ಯಾಸ್ಕಲ್ (ಒತ್ತಡದ ಅಳತೆ) ದಾಟಿದರೆ ನಾನು ಡ್ರಿಪ್ ಬಿಡುತ್ತೇನೆ. ಒಂದು ಸಲ ಸಾಗರದಲ್ಲಿ ಮದುವೆ ಮುಗಿಸಿ 8 ದಿನ ಬಿಟ್ಟು ಬಂದೆ, ಮುಳ್ಳು ಸೊನ್ನೆಯಲ್ಲಿದೆ! ಖುಷಿಯಾಯಿತು. ಸಸಿ ನೋಡಿದರೆ ಸೋಗೆ ಜೋತುಬಿದ್ದಿದೆ. ಮಣ್ಣು ಅತಿ ಒಣಗಿ, 80 ದಾಟಿದಾಗ ಕೊಳವೆಗೆ ಗಾಳಿ ನುಗ್ಗಿ ಮುಳ್ಳು ಕೆಳಗೆ ಬಿದ್ದುಹೋಗಿತ್ತು. ವಾರಕ್ಕೊಮ್ಮೆ ನೀರು ತುಂಬೋಕೆ ಆಗದವರು ಇದನ್ನು ತರಲೇಬೇಡಿ.

ಹವಾಮಾನಕ್ಕೆ ಮೇಘದೂತ್ ಆ್ಯಪ್ ಇದೆ, 2019ರಲ್ಲಿ ಬಂದಿದ್ದು, 5 ದಿನದ ಮುನ್ಸೂಚನೆ ಕೊಡುತ್ತದೆ. ಆದರೆ ಮಲೆನಾಡಿನ ಮಳೆ ಗೊತ್ತಲ್ಲ, ಆಚೆ ಗುಡ್ಡಕ್ಕೆ ಸುರಿದರೆ ಈಚೆಗೆ ಹನಿ ಇಲ್ಲ. ಹಾಗಾಗಿ ಮಳೆ ಇದೆ ಅಂದರೆ ನೀರನ್ನು ಒಂದು ದಿನ ಮುಂದೂಡುತ್ತೇನೆ, ಅಷ್ಟೇ. ಅಂಗಳದಲ್ಲಿ ನೇರ ಬದಿಯ ಡಬ್ಬಿ ಇಟ್ಟಿದ್ದೇನೆ. ಅದರಲ್ಲಿ 10 ಮಿಲಿಮೀಟರ್ ನಿಂತರೆ ಚದರ ಮೀಟರಿಗೆ 10 ಲೀಟರ್ ಬಿದ್ದಂತೆ, ಹುಲ್ಲಿಗೆ ಅವತ್ತು ರಜೆ.

ಅಪ್ಪಯ್ಯನದು ಇದೆಲ್ಲ ಏನೂ ಇಲ್ಲ. ದರಗು ಸರಿಸಿ, ಅರ್ಧ ಅಡಿ ಕೆದಕಿ, ಮಣ್ಣನ್ನು ಮುಷ್ಟಿಯಲ್ಲಿ ಅದುಮುತ್ತಾರೆ. ಉಂಡೆ ಪುಡಿಯಾದರೆ ನೀರು. ಹತ್ತರಲ್ಲಿ ಎಂಟು ಸಲ ನನ್ನ ಮುಳ್ಳಿಗೂ ಅವರ ಮುಷ್ಟಿಗೂ ಒಂದೇ ಉತ್ತರ ಬಂತು. ಉಳಿದ ಎರಡಕ್ಕೆ ಇನ್ನೂ ಜಗಳ ಇದೆ.

ಈಗ ಅಡಿಕೆಗೆ ಟೆನ್ಸಿಯೋಮೀಟರ್, ಹೂಗಿಡಕ್ಕೆ ಮುಷ್ಟಿ. ಟೈಮರ್ ಹುಲ್ಲಿಗೆ ಮಾತ್ರ, ಅದೂ ಮಳೆಗೆ ಬಿಲ್ಲೆ ಉಬ್ಬಿ ಸ್ವಿಚ್ ಕಡಿಯುವ ಪುಟ್ಟ ಸಾಧನ ಸೇರಿಸಿ. ಹಾಕಿದ್ದು ಡಿಸೆಂಬರ್‌ನಲ್ಲಿ, ಇನ್ನೂ ಒಂದು ಮಳೆಯನ್ನೂ ಕಂಡಿಲ್ಲ.